ನೊರೆಮೀಸೆ

"ಎಣ್ಣೆಗೆಲ್ಲ ಬಗ್ಗೋದಿಲ್ಲ ಇದು," ಎಂದಳು ಅತ್ತೆ. ಸತ್ತ ಅಣ್ಣನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿಗೆ ಹಿಡಿದಿದ್ದ ಒಣ ಅಂಟನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಅವಳ ಕೈಯೇ ಕೆಂಪಗಾಗಿತ್ತು. "ಇದ್ದಾಗಲೂ ಹಠ, ಹೋದ ಮೇಲೂ ಹಠ. ಮರಿ, ಹಿಂದಿನ ಕೋಣೇಲಿ ಅವನು ಕೈ ತೊಳೆಯೋ ಥಿನ್ನರ್ ಬಾಟ್ಲಿ ಇರುತ್ತೆ ನೋಡು, ತಗೊಂಡ್ಬಾ. ಮಣ್ಣಿಗೆ ಹೋಗೋವಾಗಲಾದ್ರೂ ಕೈ ಶುದ್ಧವಾಗಿರಲಿ."

ಸತ್ತವನ ಮಗಳು ಎದ್ದಳು. ಮದುವೆಯಾಗಿ ಮೂರು ವರ್ಷವಾಗಿದ್ದರೂ ಈ ಮನೆಗೆ, ಈ ಬೀದಿಗೆ, ಅವಳು ಇನ್ನೂ ಮರಿಯೇ. ಹಿಂದಿನ ಕೋಣೆಯಲ್ಲಿ ಅಪ್ಪನ ಮಣೆ, ಸುತ್ತಿಗೆ, ಸವೆದ ಉಳಿ ಇಟ್ಟಲ್ಲೇ ಇದ್ದವು. ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಕೂತರೆ ಏಳಲಾಗದ ಸ್ಥಿತಿಯಲ್ಲೂ, ಅಪ್ಪ ಅಮ್ಮನ ಚಪ್ಪಲಿಗೆ ಅಟ್ಟೆ ಅಂಟಿಸಿ ಕೊಟ್ಟಿದ್ದ. ಅದೇ ಅಂಟು ಈಗ ಹೆಬ್ಬೆರಳಲ್ಲಿರುವುದು. ಚಪ್ಪಲಿ ಗೋಡೆಗೊರಗಿ ನಿಂತಿತ್ತು. ಅಮ್ಮ ಅದನ್ನು ಇನ್ನೂ ಮೆಟ್ಟಿರಲಿಲ್ಲ.

ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ಅಪ್ಪ ಬಂದುಬಿಟ್ಟ. ಸಿಹಿ ಎನ್ನಲೂ ಆಗದ, ಖಾರ ಎನ್ನಲೂ ಆಗದ, ಮೂಗಿನ ತುದಿಯಲ್ಲಿ ತಣ್ಣಗೆ ಬಂದು ಕೂರುವ ವಾಸನೆ ಅದು. ಚಿಕ್ಕವಳಿದ್ದಾಗ ಬಾಗಿಲು ತೆಗೆಯುವ ಮೊದಲೇ ಅಪ್ಪ ಬಂದದ್ದು ಅವಳಿಗೆ ಗೊತ್ತಾಗುತ್ತಿತ್ತು. ಪಾಪ, ಬೇರೆ ಮಕ್ಕಳ ಅಪ್ಪಂದಿರಿಗೆ ವಾಸನೆಯೇ ಇಲ್ಲವಲ್ಲ ಎಂದು ಮರುಗುತ್ತಿದ್ದಳು. ಹೊರಗೆ ಚಾಪೆಯ ಮೇಲೆ ಮಲಗಿದ್ದ ದೇಹಕ್ಕೆ ಬರೀ ಸೋಪಿನ ವಾಸನೆ. ಅಪ್ಪ ಇದ್ದದ್ದು ಈ ಬಾಟಲಿಯಲ್ಲಿ. ಇನ್ನೊಂದು ಉಸಿರು ಎಳೆದುಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮುಚ್ಚಳ ಬಿಗಿದು ಬಾಟಲಿಯನ್ನು ಮಣೆಯ ಹಿಂದಕ್ಕೆ ತಳ್ಳಿದಳು.

"ಖಾಲಿಯಾಗಿದೆ ಅತ್ತೆ," ಎಂದಳು ಹೊರಗೆ ಬಂದು.

"ಹೋಗ್ಲಿ ಬಿಡು. ಅವನ ಕೆಲಸ ಅವನ ಜೊತೇಲೇ ಹೋಗ್ಲಿ."

ಹೊಟ್ಟೆಯೊಳಗಿನ ಸುದ್ದಿ ಈ ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಒಬ್ಬಳು ಅವಳು. ಇನ್ನೊಬ್ಬನ ಹೆಬ್ಬೆರಳು ಅತ್ತೆಯ ತೊಡೆಯ ಮೇಲಿತ್ತು.

*

ಹತ್ತು ಗಂಟೆಯ ಹೊತ್ತಿಗೆ ಬೂಟಿನ ಫ್ಯಾಕ್ಟರಿಯ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಎಲ್ಲರಿಗಿಂತ ಮೊದಲು ಬಂದವನು ಡ್ರಮ್ಮು ಮಾಮ. ಅಂಟು ತುಂಬಿದ ಡ್ರಮ್ಮುಗಳನ್ನು ಗೋದಾಮಿನಿಂದ ಅಂಟುಮನೆಗೆ ಉರುಳಿಸಿ ತರುವುದು ಅವನ ಕೆಲಸ. ಅಂಟುಮನೆಯೆಂದರೆ ಬೂಟಿನ ಮೇಲ್ಭಾಗಕ್ಕೆ ಅಟ್ಟೆ ಕೂರಿಸುವ ಕೋಣೆ. ಧೂಳು ಬಿದ್ದರೆ ಅಂಟು ಹಿಡಿಯುವುದಿಲ್ಲವೆಂದು ಅದರ ಕಿಟಕಿಗಳನ್ನು ತೆಗೆಯುವಂತಿರಲಿಲ್ಲ. ಅಪ್ಪ ಬದುಕಿನ ಬಹುಭಾಗವನ್ನು ಅಲ್ಲಿ ಬ್ರಷ್ ಹಿಡಿದು ಕಳೆದವನು. ಮಾಮನಿಗೂ ಅವನಿಗೂ ಒಂದೇ ಬೆಂಚು, ಒಂದೇ ಬೀಡಿ, ಒಬ್ಬರಿಗೊಬ್ಬರು ಬೈದುಕೊಳ್ಳದೆ ದಿನ ಹೋದದ್ದಿಲ್ಲ.

ಮಾಮ ಗೆಳೆಯನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಹೆಗಲ ಮೇಲಿನ ಚೌಕದ ತುದಿಯಿಂದ ಅವನ ಮೀಸೆಯನ್ನು ಎರಡೂ ಬದಿಗೆ ಒರೆಸಿದ.

"ನೊರೆಮೀಸೆ," ಎಂದ. "ಇವತ್ತು ಒಣಗಿಬಿಟ್ಟಿದೆ ನೋಡು."

"ಆ ಹೆಸರು ಯಾಕೆ ಬಂತೋ ಅವನಿಗೆ," ಎಂದಳು ಅತ್ತೆ. "ಚಿಕ್ಕ ವಯಸ್ಸಿಗೇ ಬಿಳಿಯಾಯ್ತು ಅಂತಲಾ?"

"ಅಯ್ಯೋ, ಅದಕ್ಕಲ್ಲಮ್ಮ. ಮೀಸೆ ಕಪ್ಪಿದ್ದಾಗಲೇ ಬಂದ ಹೆಸರು." ಮಾಮ ಗೋಡೆಗೆ ಒರಗಿ ಕೂತ. ಸಾವಿನ ಮನೆ ಎಂಬುದು ಮರೆತಂತೆ ಅವನ ದನಿ ಬೆಚ್ಚಗಾಯಿತು. "ಅಂಟುಮನೆಯೋರಿಗೆ ದಿನಾ ಒಂದು ದೊಡ್ಡ ಲೋಟ ಹಾಲು ಕೊಡ್ತಾರಲ್ಲ. ಒಳಗೆ ಹೋದ ವಿಷ ತೊಳೆಯೋಕೆ ಅಂತ. ಅದನ್ನ ಸೂಪರ್‌ವೈಸರ್ ಎದುರಿಗೇ ಕುಡೀಬೇಕು, ಮನೆಗೆ ಒಯ್ಯೋ ಹಾಗಿಲ್ಲ. ಇವನೇನು ಮಾಡ್ತಿದ್ದ? ಬೆಂಚಿನ ಕೆಳಗೆ ಒಂದು ಸ್ಟೀಲ್ ಡಬ್ಬಿ. ನಾನು ಅತ್ಲಾಗೆ ಡ್ರಮ್ಮು ಉರುಳಿಸಿ ಗಡಗಡ ಸದ್ದು ಮಾಡ್ಬೇಕು, ಸೂಪರ್‌ವೈಸರ್ ಆ ಕಡೆ ತಿರುಗ್ಬೇಕು, ಇವನು ಹಾಲನ್ನ ಡಬ್ಬಿಗೆ ಸುರೀಬೇಕು. ಆಮೇಲೆ ಬೆರಳಲ್ಲಿ ನೊರೆ ಬಳ್ಕೊಂಡು ಮೀಸೆಗೆ ಹಚ್ಚಿ, ಗಂಟಲು ಮೇಲೆ ಕೆಳಗೆ ಆಡಿಸಿ, ಖಾಲಿ ಲೋಟ ಎತ್ತಿ ತೋರಿಸೋನು. ನಾಟಕದೋರು ಇವನ ಮುಂದೆ ಏನಕ್ಕೂ ಬರಲ್ಲ."

ಸುತ್ತ ಕೂತವರು ತಲೆ ತಗ್ಗಿಸಿ ನಕ್ಕರು. ಅಮ್ಮನೂ ಸೆರಗನ್ನು ಬಾಯಿಗೊತ್ತಿ ನಕ್ಕಳು. ನಗು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ.

"ಮಗಳ ಮೇಲೆ ಅಷ್ಟೊಂದು ಪ್ರೀತಿ," ಎಂದಳು ಅತ್ತೆ. "ತಾನು ಕುಡೀದೆ ತಂದು ಕುಡಿಸಿದ."

"ಪ್ರೀತಿ ಸರಿ." ಮಾಮ ಮಗಳ ಕಡೆ ಒಮ್ಮೆ ನೋಡಿ, ಚೌಕವನ್ನು ಮಡಚತೊಡಗಿದ. "ಪ್ರೀತಿಗಿಂತ ಹೆದರಿಕೆ ಜಾಸ್ತಿ ಇತ್ತು ಅವನಿಗೆ."

"ಎಂಥ ಹೆದರಿಕೆ ಮಾಮ?" ಎಂದಳು ಮಗಳು.

"ಹೋಗ್ಲಿ ಬಿಡು ಮರಿ."

"ಹೇಳಿ."

"ನಿನಗಿಂತ ಮುಂಚೆ ನಿಮ್ಮಮ್ಮನಿಗೆ ಎರಡು ಬಸಿರು ನಿಲ್ಲಲಿಲ್ಲ. ನಮ್ಮ ಅಂಟುಮನೆಯೋರ ಮನೇಲೆಲ್ಲ ಒಂದಲ್ಲ ಒಂದು ಕತೆ ಇತ್ತು ಅನ್ನು. ಅದಕ್ಕೂ ಅಂಟಿಗೂ ಸಂಬಂಧ ಇದೆಯೋ ಇಲ್ವೋ, ಹೇಳೋರು ಯಾರು? ಇವನು ಮಾತ್ರ ತಲೇಲಿ ಇಟ್ಕೊಂಡ. ನೀನು ಹುಟ್ಟಿದ ಮೇಲೆ ಹೇಳ್ದ, 'ನನ್ನ ಮೈಯಲ್ಲಿರೋದನ್ನ ಆ ಕೂಸು ಹೊತ್ಕೊಂಡೇ ಬಂದಿದೆ ಕಣೋ. ನಾನು ಕುಡಿದು ಏನು ಪ್ರಯೋಜನ? ಹಾಲು ತೊಳೆಯೋದೇ ಆದ್ರೆ ಮೊದಲು ಅವಳನ್ನ ತೊಳೀಲಿ' ಅಂತ. ಅದಕ್ಕೇ ತರ್ತಿದ್ದ."

ಮಾಮ ಎದ್ದು ಅಮ್ಮನ ಮುಂದೆ ಬಗ್ಗಿದ.

"ಅಕ್ಕಾ, ಸಂಜೆ ಹಾಲು ತರ್ತೀನಿ. ಯಾರು ಕುಡೀತಾರೆ ಅಂತ ಮನೇಲಿ ಮಾತಾಡಿಟ್ಕೊಳ್ಳಿ."

ಇದು ಅಂಟುಮನೆಯವರು ತಾವೇ ಮಾಡಿಕೊಂಡ ಪದ್ಧತಿ. ತಮ್ಮಲ್ಲಿ ಒಬ್ಬ ಸತ್ತರೆ, ಆ ದಿನದ ಅವನ ಪಾಲಿನ ಹಾಲನ್ನು ಗೇಟಿನಲ್ಲಿ ಕೇಳಿ ಪಡೆದು ಅವನ ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಆ ಹಾಲನ್ನು ಕುಡಿದವನಿಗೆ ಬೆಂಚಿನ ಮೇಲಿನ ಜಾಗ. ಕಾಯಂ ಜಾಗ. ಕಂಪನಿಯೂ ಅದಕ್ಕೆ ಅಡ್ಡಿ ಬರುತ್ತಿರಲಿಲ್ಲ. ಆ ಕೋಣೆಗೆ ಹೊಸಬರು ಸುಲಭವಾಗಿ ಸಿಗುತ್ತಿರಲಿಲ್ಲ.

*

ಚಿಕ್ಕವಳಿದ್ದಾಗ ವಾರದ ರಜೆಯ ಬೆಳಿಗ್ಗೆ ಅಪ್ಪ ಅವಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು ಉಗುರಿನಾಟ ಆಡುತ್ತಿದ್ದ. ಅವಳ ಒಂದೊಂದು ಉಗುರನ್ನೂ ಒತ್ತಿ ಬಿಡುವುದು, ಬೆಳ್ಳಗಾದ ಉಗುರು ಮತ್ತೆ ಕೆಂಪಾಗುವವರೆಗೆ ಇಬ್ಬರೂ ಉಸಿರು ಕಟ್ಟಿ ಕಾಯುವುದು.

"ಬಂತಾ?"

"ಬಂತು."

"ಇದು?"

"ಬಂತಪ್ಪಾ."

ಹತ್ತೂ ಬೆರಳು ಮುಗಿದರೆ ಅಪ್ಪ ಸೋತ ಹಾಗೆ. ಸೋತವನು ಅವಳನ್ನು ಹೆಗಲ ಮೇಲೆ ಹೊತ್ತು ಬೀದಿಯ ಕೊನೆಯವರೆಗೆ ಹೋಗಿ ಬರಬೇಕು. ಪ್ರತಿ ಸಲವೂ ಅವನೇ ಸೋಲುತ್ತಿದ್ದ. ಸೋತದ್ದಕ್ಕೆ ಅಷ್ಟೊಂದು ಹಿಗ್ಗುವವನನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಮದುವೆಯಾದ ಮೇಲೆ ತವರಿಗೆ ಬಂದಾಗಲೂ ಬಿಡುತ್ತಿರಲಿಲ್ಲ. "ನಿಮ್ಮಪ್ಪ ನಿನ್ನ ಕೈ ಹಿಡ್ಕೊಂಡ್ರೆ ಸಂತೇಲಿ ಹಸು ಕೊಳ್ಳೋನ ಹಾಗೆ ನೋಡ್ತಾರೆ," ಎಂದು ಗಂಡ ಹಾಸ್ಯ ಮಾಡುತ್ತಿದ್ದ.

ಎರಡು ವರ್ಷದ ಕೆಳಗೆ ದೊಡ್ಡ ಕಾಲೇಜಿನ ಡಾಕ್ಟರಮ್ಮ ಒಬ್ಬಳು ಅಂಟುಮನೆಯವರ ರಕ್ತ ತೆಗೆದುಕೊಂಡು ಹೋಗಿದ್ದಳು. ಆಮೇಲೆ ಅಪ್ಪನನ್ನು ಕರೆಸಿದಳು. ಮಾತು ಅರ್ಥವಾಗಲಿಕ್ಕಿಲ್ಲ ಎಂದು ಮಗಳೂ ಜೊತೆಗೆ ಹೋಗಿದ್ದಳು. ಡಾಕ್ಟರಮ್ಮ ಪರದೆಯ ಮೇಲೆ ಒಂದು ಚಿತ್ರ ತೋರಿಸಿದಳು. ದರ್ಜಿಯ ಅಂಗಡಿಯ ನೆಲದ ಮೇಲೆ ಬಿದ್ದಿರುತ್ತವಲ್ಲ, ಅಂಥ ಬಣ್ಣದ ಗಿಡ್ಡ ದಾರಗಳು.

"ಪ್ರತಿಯೊಂದು ಜೀವಕೋಶದಲ್ಲೂ ಇಂಥ ಎಳೆಗಳಿರುತ್ತೆ. ಅಪ್ಪ-ಅಮ್ಮನಿಂದ ಬಂದದ್ದೆಲ್ಲ ಇದರಲ್ಲೇ ಇರೋದು. ಇಲ್ಲಿ ನೋಡಿ, ತುಂಡಾಗಿದೆ. ಇಲ್ಲಿ, ತುಂಡಾದದ್ದು ಬೇರೆ ಎಳೆಗೆ ಹೋಗಿ ಅಂಟ್ಕೊಂಡಿದೆ. ನಿಮ್ಮ ಅಂಟಿನಲ್ಲಿರೋ ದ್ರಾವಕ ಆವಿಯಾಗಿ ಉಸಿರಲ್ಲಿ ಒಳಗೆ ಹೋಗುತ್ತೆ. ವರ್ಷಾನುಗಟ್ಟಲೆ ಹೋದ್ರೆ ಹೀಗೆ."

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಎಡಗಾಲಿನ ಅಟ್ಟೆ ತಂದು ಬಲಗಾಲಿಗೆ ಕೂರಿಸಿಬಿಟ್ಟಿದಾರೆ. ನಮ್ಮಲ್ಲಾದ್ರೆ ಇಂಥ ಮಾಲು ವಾಪಸ್ ಬರುತ್ತೆ ಡಾಕ್ಟರಮ್ಮ."

ಡಾಕ್ಟರಮ್ಮ ನಗಲಿಲ್ಲ. ಅಪ್ಪನೂ ನಗು ನಿಲ್ಲಿಸಿದ.

"ಇದು ಮಕ್ಕಳಿಗೆ ಹೋಗುತ್ತಾ?"

"ನಿಮ್ಮ ರಕ್ತದಲ್ಲಿ ಕಂಡದ್ದನ್ನ ಹೇಳಬಲ್ಲೆ. ಮಕ್ಕಳಿಗೆ ಹೋಗುತ್ತೆ ಅನ್ನೋಕೆ ನನ್ನ ಹತ್ರ ಸಾಕ್ಷಿ ಇಲ್ಲ. ಹೋಗಲ್ಲ ಅಂತ ಮಾತು ಕೊಡೋಕೂ ಆಗಲ್ಲ. ಆದ್ರೆ ಬೇಗ ಆ ಕೆಲಸ ಬಿಟ್ಟೋರಲ್ಲಿ ಎಷ್ಟೋ ಸರಿಹೋಗೋದನ್ನ ನೋಡಿದ್ದೀನಿ. ಎಳೆ ವಯಸ್ಸಿನವರನ್ನ ಒಳಗೆ ಬಿಡದಿದ್ರೆ ಇನ್ನೂ ಒಳ್ಳೇದು."

"ಹಾಲು?"

"ಹಾಲು ಕುಡೀರಿ, ಒಳ್ಳೇದೇ. ಇದನ್ನೇನೂ ಅದು ತೊಳೆಯೋದಿಲ್ಲ."

ಅಪ್ಪನ ಮುಖ ಆಗ ಬಿದ್ದುಹೋದದ್ದು ಮಗಳಿಗೆ ನೆನಪಿದೆ. ತುಂಡಾದ ಎಳೆ ನೋಡಿ ಬೀಳದ ಮುಖ, ಹಾಲಿನ ಮಾತಿಗೆ ಯಾಕೆ ಬಿತ್ತು ಎಂದು ಅಂದು ಅವಳಿಗೆ ಹೊಳೆಯಲಿಲ್ಲ. ಬಸ್ಸಿನಿಂದ ಇಳಿಯುವಾಗ ಒಂದೇ ಮಾತು ಅಂದ:

"ಆ ಡಾಕ್ಟರಮ್ಮನಿಗೆ ಇನ್ನೂ ಅನುಭವ ಸಾಲದು."

*

ಮಧ್ಯಾಹ್ನ ಸೂಪರ್‌ವೈಸರ್ ಬಂದ. ಕಂಪನಿಯ ಕಡೆಯಿಂದ ಹೊಸ ಬೂಟಿನ ಜೋಡಿ ತಂದಿದ್ದ, ಸತ್ತವನ ಕಾಲಿಗೆ ತೊಡಿಸಲೆಂದು. ಅತ್ತೆ ತೊಡಿಸಲು ನೋಡಿದಳು. ಹಿಮ್ಮಡಿ ಒಳಗೆ ಹೋಗಲಿಲ್ಲ.

"ಬದುಕಿಡೀ ಬೂಟು ಮಾಡಿದೋನ ಕಾಲಿನ ಅಳತೆ ಗೊತ್ತಿರೋ ಒಬ್ಬನೂ ಆ ಫ್ಯಾಕ್ಟರೀಲಿ ಇಲ್ವೇನಪ್ಪ?"

"ಸ್ಟೋರ್‌ನಲ್ಲಿ ಇದ್ದದ್ದು ಇದೇ ಅಮ್ಮಾ," ಎಂದ ಸೂಪರ್‌ವೈಸರ್ ಬೆವರೊರೆಸಿಕೊಳ್ಳುತ್ತಾ.

ಡ್ರಮ್ಮು ಮಾಮ ಒಂದು ಬೂಟನ್ನು ಎತ್ತಿ, ಅಟ್ಟೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದ. "ಹೋಗ್ಲಿ ಬಿಡಿ, ಇದು ಅವನ ಕೈದಲ್ಲ. ಹಾಕಿದ್ರೆ ಅವಮಾನ ಆಗ್ತಿತ್ತು ಅವನಿಗೆ." ಬೂಟುಗಳನ್ನು ಕಾಲಿನ ಪಕ್ಕದಲ್ಲಿ ಇಟ್ಟರು.

ಮಗಳ ಗಂಡ ಅದೇ ಫ್ಯಾಕ್ಟರಿಯಲ್ಲಿ ಬೂಟುಗಳನ್ನು ರಟ್ಟಿನ ಡಬ್ಬಿಗೆ ತುಂಬುವ ಹಂಗಾಮಿ. ಕಾಯಂ ಆಗಬೇಕೆಂದರೆ ಅಂಟುಮನೆಯೊಂದೇ ದಾರಿ. ಅದಕ್ಕಾಗಿ ಎರಡು ವರ್ಷದಿಂದ ಕಾದಿದ್ದ. ಸೂಪರ್‌ವೈಸರ್ ಅವನನ್ನು ಅಂಗಳದ ಮೂಲೆಗೆ ಕರೆದು ಹೆಗಲ ಮೇಲೆ ಕೈಯಿಟ್ಟ. ನೀರು ತರಲು ಹೋದ ಮಗಳಿಗೆ ಮಾತು ಕೇಳಿಸುತ್ತಿತ್ತು.

"ಸಂಜೆ ಹಾಲು ನೀನೇ ಕುಡಿ. ಸೋಮವಾರದಿಂದ ಬಾ."

"ನಿಮ್ಮ ಉಪಕಾರ ಸಾರ್."

"ನಿನ್ನ ಮಾವ ನಿನ್ನ ಬಗ್ಗೆ ಏನೇನೋ ಹೇಳ್ತಿದ್ದ. ಕೈ ಶುದ್ಧ ಇಲ್ಲ, ದಾರದ ಉಂಡೆ ಜೇಬಿಗೆ ಹೋಗುತ್ತೆ, ಮೈಗಳ್ಳ, ಅಂತೆಲ್ಲ. ಎರಡು ಸಲ ಅಂಟುಮನೆಗೆ ನಿನ್ನ ಹೆಸರು ಬಂದಿತ್ತು. ಎರಡು ಸಲವೂ ತಾನೇ ಬಂದು ಬೇಡ ಅಂದ. ಹೋಗ್ಲಿ, ಸತ್ತೋರ ಮಾತನ್ನ ನಾನು ಹಿಡ್ಕೊಳ್ಳೋದಿಲ್ಲ."

ಶವ ಎತ್ತುವಾಗ ಗಂಡ ಮುಂದೆ ಬಂದು ಹೆಗಲು ಕೊಟ್ಟ. ಸ್ಮಶಾನದವರೆಗೂ ಹೆಗಲು ಬದಲಿಸಲಿಲ್ಲ. ಯಾರಾದರೂ "ಕೊಡಪ್ಪ, ನಾನು ಹಿಡೀತೀನಿ" ಎಂದರೆ ತಲೆಯಲ್ಲಾಡಿಸುತ್ತಿದ್ದ. ಅದು ಸಿಟ್ಟೋ ದುಃಖವೋ ನೋಡಿದವರಿಗೆ ತಿಳಿಯಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಅವನು ಮನೆಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದ. ಮಗಳು ಟವೆಲ್ ಹಿಡಿದು ನಿಂತಳು.

"ನಿಮ್ಮಪ್ಪ ನನ್ನನ್ನ ಕಳ್ಳ ಮಾಡಿಟ್ಟು ಹೋದ್ರು," ಎಂದ, ಅವಳನ್ನು ನೋಡದೆ. "ಒಂದು ದಾರದ ಎಳೆ ಮುಟ್ಟಿದೋನಲ್ಲ ನಾನು. ಅಂಥೋರನ್ನ ಹೊತ್ಕೊಂಡು ಹೋಗಿ ಬಂದೆ."

"ಅದು ನಿಮ್ಮ ಮೇಲಿನ ದ್ವೇಷಕ್ಕಲ್ಲ ರೀ."

"ಮತ್ತೆ ಪ್ರೀತಿಗಾ?"

ಅವಳು ಹೇಳಿದಳು. ಡಾಕ್ಟರಮ್ಮ ತೋರಿಸಿದ ಎಳೆಗಳು, ಎಳೆ ವಯಸ್ಸಿನವರನ್ನು ಒಳಗೆ ಬಿಡಬೇಡಿ ಎಂದ ಮಾತು, ನೊರೆಮೀಸೆಯ ಕತೆ, ಉಗುರಿನಾಟ. ಆಟವೆಂದು ತಿಳಿದದ್ದು ಆಟವಾಗಿರಲಿಲ್ಲ, ಮೈಯಲ್ಲಿ ರಕ್ತ ಸರಿಯಿದೆಯೇ ಎಂದು ಅಪ್ಪ ನೋಡುತ್ತಿದ್ದದ್ದು ಎನ್ನುವಾಗ ದನಿ ಒಡೆಯಿತು. ಕೊನೆಗೆ ಹೊಟ್ಟೆಯ ಸುದ್ದಿ ಹೇಳಿದಳು.

ಅವನು ಒದ್ದೆ ಕಾಲಲ್ಲೇ ನಿಂತುಬಿಟ್ಟ.

"ಯಾವಾಗ ಗೊತ್ತಾಯ್ತು?"

"ಹೋದ ವಾರ. ಆಸ್ಪತ್ರೇಲಿ ಅಪ್ಪನಿಗೆ ಹೇಳ್ದೆ."

"ಮೊದಲು ಅವರಿಗೆ."

"ಅವರಿಗೆ ಟೈಮಿರಲಿಲ್ಲ."

"ನನಗಿದೆ ಅಂತ."

"ಇರಲಿ ಅಂತ."

ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಬಿಗಿಯಾಗಿ ತಿರುಗಿಸಿದ. ನಿಲ್ಲಲಿಲ್ಲ.

"ಮಗು ಬರುತ್ತೆ ಅಂದ್ರೆ ಕಾಯಂ ಕೆಲಸ ಇನ್ನೂ ಬೇಕಲ್ವಾ? ಹಂಗಾಮಿ ಅಂದ್ರೆ ಇವತ್ತು ಇದೆ, ನಾಳೆ ಇಲ್ಲ. ಅಲ್ಲಿ ಎಷ್ಟು ಜನ ದುಡೀತಿದಾರೆ, ಎಲ್ರೂ ಸತ್ರಾ? ಡ್ರಮ್ಮು ಮಾಮನ್ನ ನೋಡು, ಕಲ್ಲುಗುಂಡಿನ ಹಾಗಿದ್ದಾರೆ."

"ಮಾಮನ ಮನೇಲಿ ಮಕ್ಕಳು ಎಷ್ಟಿವೆ?"

ಮಾಮನಿಗೆ ಮಕ್ಕಳಿರಲಿಲ್ಲ. ಅನ್ನಬಾರದಾಗಿತ್ತು ಅನ್ನಿಸಿತು ಅವಳಿಗೆ. ಅಂದದ್ದಾಗಿತ್ತು.

"ಎಲ್ಲರ ಮುಂದೆ ಕುಡಿ ಅಂತಾರೆ," ಎಂದ ಅವನು ಟವೆಲ್ ತೆಗೆದುಕೊಳ್ಳುತ್ತಾ. "ಬೇಡ ಅಂದ್ರೆ, ಮಾವ ಹೇಳಿದ್ದು ನಿಜ, ಮೈಗಳ್ಳ, ಅಂತಾರೆ. ನಾನು ಹೇಗೆ ಬೇಡ ಅನ್ಲಿ?"

*

ಆಸ್ಪತ್ರೆಯಲ್ಲಿ ಅಂದು, ರಕ್ತವೇ ಬತ್ತುತ್ತಿದ್ದ ಅಪ್ಪನ ತುಟಿಗೆ ಬಣ್ಣವಿರಲಿಲ್ಲ. ಅವಳು ಕಿವಿಯ ಹತ್ತಿರ ಬಗ್ಗಿ ಸುದ್ದಿ ಹೇಳಿದಾಗ ಕಣ್ಣು ತೆರೆದ. ಹಿಗ್ಗುತ್ತಾನೆ ಎಂದುಕೊಂಡಿದ್ದಳು. ಅಪ್ಪ ಅವಳ ಕೈಯನ್ನು ತಡಕಿ ಹಿಡಿದು, ಹೆಬ್ಬೆರಳಿನ ಉಗುರನ್ನು ಒತ್ತಿದ. ಒತ್ತಲು ಶಕ್ತಿ ಸಾಲಲಿಲ್ಲ. ಉಗುರು ಬೆಳ್ಳಗಾಗಲೇ ಇಲ್ಲ.

"ಹಾಲು ಕುಡೀತಿದ್ದೀಯಾ?" ಎಂದ.

"ಇಲ್ಲಪ್ಪಾ, ಸೇರಲ್ಲ ಈಗ. ವಾಂತಿ ಬರುತ್ತೆ."

"ಮೂಗು ಮುಚ್ಕೊಂಡು ಕುಡಿ ಮರಿ. ಬಿಡ್ಬೇಡ."

ಮುದುಕರ ಮಾತು ಎಂದು ನಕ್ಕಿದ್ದಳು.

*

ದೀಪ ಹಚ್ಚುವ ಹೊತ್ತಿಗೆ ಡ್ರಮ್ಮು ಮಾಮ ಹಾಲು ತಂದ. ಸ್ಮಶಾನದಿಂದ ನೇರ ಫ್ಯಾಕ್ಟರಿ ಗೇಟಿಗೆ ಹೋಗಿ ಬಂದಿದ್ದ. ತಂದದ್ದು ಅಪ್ಪನದೇ ಸ್ಟೀಲ್ ಡಬ್ಬಿಯಲ್ಲಿ. ಒಂದು ಬದಿ ತಗ್ಗು ಬಿದ್ದಿತ್ತು, ಮುಚ್ಚಳದ ಸುತ್ತ ಹಳದಿ ಅಂಟಿನ ಬೆರಳ ಗುರುತು. ಇಷ್ಟು ವರ್ಷ ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡು ಬಂದದ್ದು ಇವತ್ತು ಸೂಪರ್‌ವೈಸರ್ ಎದುರಿಗೇ ಹೊರಗೆ ಬಂದಿತ್ತು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಕೂತಿದ್ದ.

ಅಂಗಳದಲ್ಲಿ ಅಂಟುಮನೆಯವರೆಲ್ಲ ಗುಂಡಗೆ ನಿಂತಿದ್ದರು. ಮಾಮ ಹಾಲನ್ನು ದೊಡ್ಡ ಲೋಟಕ್ಕೆ ಎತ್ತರದಿಂದ ಸುರಿದ. ನೊರೆ ಅಂಚಿನವರೆಗೆ ಏರಿತು.

"ಯಾರು?" ಎಂದ ಮಾಮ. ಅವನ ದನಿಯಲ್ಲಿ ಬೆಳಗಿನ ಬಿಸಿ ಇರಲಿಲ್ಲ.

"ಅಳಿಯ ಇದಾನಲ್ಲ," ಎಂದ ಸೂಪರ್‌ವೈಸರ್. "ತಗೊಳ್ಳಪ್ಪ."

ಗಂಡ ಲೋಟ ತೆಗೆದುಕೊಂಡ. ಎಲ್ಲರೂ ನೋಡುತ್ತಿದ್ದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವನು ಲೋಟವನ್ನು ಎದೆಯವರೆಗೆ ಎತ್ತಿದ, ಅಲ್ಲೇ ನಿಲ್ಲಿಸಿದ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ಮಗಳು ಹೋಗಿ ಲೋಟದ ಮೇಲೆ ಕೈಯಿಟ್ಟಳು. ಕಿತ್ತುಕೊಳ್ಳಬೇಕಾದೀತು ಎಂದುಕೊಂಡಿದ್ದಳು. ಅವನ ಬೆರಳುಗಳು ಆಗಲೇ ಸಡಿಲಾಗಿದ್ದವು.

ಮೂಗು ಮುಚ್ಚಿಕೊಂಡು ಅವಳು ಕುಡಿದಳು. ಹೊಟ್ಟೆ ತೊಳೆಸಿ ಬಂತು. ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಇದು ಏನನ್ನೂ ತೊಳೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತಳದ ಹನಿಯವರೆಗೂ ಕುಡಿದು, ಖಾಲಿ ಲೋಟವನ್ನು ಎತ್ತಿ ಸೂಪರ್‌ವೈಸರ್‌ಗೆ ತೋರಿಸಿದಳು.

"ಇದೇನಮ್ಮ ಇದು?" ಎಂದ ಅವನು. "ಅಂಟುಮನೇಲಿ ಹೆಂಗಸರನ್ನ ತಗೊಳ್ಳಲ್ಲ."

"ಗೊತ್ತು ಸಾರ್."

"ಮತ್ತೆ ಜಾಗ?"

"ಖಾಲಿ ಇರಲಿ."

ಸೂಪರ್‌ವೈಸರ್ ಗಂಡನ ಕಡೆ ತಿರುಗಿದ. "ಏನಪ್ಪ, ನಿನ್ನ ಮಾತೇನು? ಹಾಲು ನಾಳೆ ಇನ್ನೊಂದು ಲೋಟ ಬರುತ್ತೆ."

ಗಂಡ ತನ್ನ ಖಾಲಿ ಕೈಯನ್ನೇ ನೋಡಿಕೊಳ್ಳುತ್ತಿದ್ದ. "ನಮ್ಮ ಮಾವ ಹೇಳಿದ್ದು ನಿಜ ಸಾರ್," ಎಂದ ನಿಧಾನವಾಗಿ. "ನನ್ನ ಕೈ ಶುದ್ಧ ಇಲ್ಲ."

ಮಾಮ ಮುಖ ಆ ಕಡೆ ತಿರುಗಿಸಿ, ಡಬ್ಬಿಯ ಮುಚ್ಚಳವನ್ನು ಸುಮ್ಮಸುಮ್ಮನೆ ಬಿಗಿಯುತ್ತಾ ಕೂತ. ಸೂಪರ್‌ವೈಸರ್ ಹೊರಟ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೊರಟರು.

ಅಂಗಳ ಖಾಲಿಯಾದ ಮೇಲೆ ಗಂಡ ಅವಳ ಹತ್ತಿರ ಬಂದ. ಅವಳ ಮೇಲ್ದುಟಿಯ ಮೇಲೆ ನೊರೆ ಇನ್ನೂ ಹಾಗೇ ಇತ್ತು. ಅವನು ಅವಳ ಕೈ ಹಿಡಿದು ಬಾಗಿಲ ಬಲ್ಬಿನ ಕೆಳಗೆ ಕರೆದುಕೊಂಡು ಹೋದ. ಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾವುದು ಒತ್ತೋದು?"

"ಯಾವುದಾದ್ರೂ."

ಹೆಬ್ಬೆರಳಿನ ಉಗುರನ್ನು ಒತ್ತಿದ, ಬೇಕಾದ್ದಕ್ಕಿಂತ ಜೋರಾಗಿ. "ಏನು ನೋಡ್ಬೇಕು?"

"ಕೆಂಪು ವಾಪಸ್ ಬರುತ್ತಾ ಅಂತ."

ಅವನು ಬೆರಳು ಬಿಟ್ಟ. ಬೆಳ್ಳಗಾದ ಉಗುರಿನ ಮೇಲೆ ಎರಡು ತಲೆಗಳು ಬಗ್ಗಿದವು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು.